ಮ್ಯಾಕ್ರೊ ಎಲ್ಲಿ ನಿಂತಿತು, ಯಾಕೆ ನಿಂತಿತು: ಎಕ್ಸೆಲ್ ಎರರ್ ಸಂದೇಶ ಓದುವ ಮಾರ್ಗದರ್ಶಿ

ಹುಬ್ಬಳ್ಳಿಯ ಅಮರಗೋಳ ಎಪಿಎಂಸಿ ಇರಲಿ, ಬ್ಯಾಡಗಿಯ ಮೆಣಸಿನಕಾಯಿ ಪೇಟೆ ಇರಲಿ, ಗದಗದ ಪ್ರಿಂಟಿಂಗ್ ಪ್ರೆಸ್ ಇರಲಿ, ಹಳೆಯದೊಂದು ಎಕ್ಸೆಲ್ ಫೈಲ್ ಇದ್ದೇ ಇರುತ್ತದೆ. ಅದರಲ್ಲೊಂದು ಬಟನ್. ಒತ್ತಿದರೆ ರೈತರ ಪಟ್ಟಿ ಪ್ರಿಂಟ್ ಆಗುತ್ತದೆ, ಚೀಲದ ಲೆಕ್ಕ ಕೂಡುತ್ತದೆ, ದಿನದ ಶೀಟ್ ತಾನೇ ತಯಾರಾಗುತ್ತದೆ. ಆ ಮ್ಯಾಕ್ರೊ, ಅಂದರೆ ಬಟನ್ ಒತ್ತಿದಾಗ ಓಡುವ ಕೋಡ್, ಬರೆದ ಹುಡುಗ ಈಗ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾನೆ, ಫೋನ್ ಎತ್ತುವುದು ರಾತ್ರಿ ಒಂಬತ್ತರ ಮೇಲೆ. ಇತ್ತ ಮಧ್ಯಾಹ್ನ ಎರಡು ಗಂಟೆಗೆ, ಅಂಗಡಿ ಮುಂದೆ ರೈತರು ನಿಂತಿರುವಾಗ, ಪರದೆ ಮೇಲೆ ಒಂದು ಪೆಟ್ಟಿಗೆ ಬರುತ್ತದೆ: ರನ್-ಟೈಮ್ ಎರರ್ 1004.

ಆ ಪೆಟ್ಟಿಗೆ ಬಂದಾಗ ಏನು ಮಾಡಬೇಕು ಅನ್ನುವುದಕ್ಕೆ ಈ ಲೇಖನ. ಕೋಡ್ ಬರೆಯಲು ಬರಲೇಬೇಕು ಅಂತೇನಿಲ್ಲ. ಒಂದು ವಿಷಯ ಮಾತ್ರ ಮೊದಲೇ ತಲೆಯಲ್ಲಿರಲಿ. ಸಂದೇಶ ಹೇಳುವುದು ಮ್ಯಾಕ್ರೊ ಎಲ್ಲಿ ನಿಂತಿತು ಅನ್ನುವುದನ್ನು. ಯಾಕೆ ನಿಂತಿತು ಅನ್ನುವುದು ಬಹಳ ಸಲ ಕೋಡಿನಲ್ಲಿ ಇರುವುದೇ ಇಲ್ಲ, ಶೀಟಿನಲ್ಲಿ ಇರುತ್ತದೆ. ನಿನ್ನೆಯವರೆಗೆ ಓಡುತ್ತಿದ್ದ ಮ್ಯಾಕ್ರೊ ಇವತ್ತು ನಿಂತಿತು ಅಂದರೆ ಕೋಡನ್ನು ಯಾರೂ ಮುಟ್ಟಿಲ್ಲ, ಅಲ್ವಾ? ಬದಲಾದದ್ದು ಡೇಟಾ.

ಇನ್ನೊಂದು ಮಾತು. ಇಲ್ಲಿ ಆದೇಶಗಳನ್ನು, ಮೆನುಗಳ ಹೆಸರನ್ನು ಓದುವ ಹಾಗೆ ಕನ್ನಡ ಅಕ್ಷರದಲ್ಲಿ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲೇ ಮಾಡಬೇಕು.

ಹೆಜ್ಜೆ 1: ಎಂಡ್ ಒತ್ತಬೇಡಿ

ಪೆಟ್ಟಿಗೆಯಲ್ಲಿ ಒಂದು ನಂಬರ್, ಅದರ ಕೆಳಗೆ ಒಂದು ವಾಕ್ಯ, ಆಮೇಲೆ ಎಂಡ್, ಡೀಬಗ್, ಹೆಲ್ಪ್ ಬಟನ್‌ಗಳು. ಎಲ್ಲರ ಕೈ ಎಂಡ್ ಕಡೆಗೇ ಹೋಗುತ್ತದೆ. ಒತ್ತಿದ ಕೂಡಲೇ ಸುಳಿವೆಲ್ಲ ಅಳಿಸಿ ಹೋಗುತ್ತದೆ. ಮೊದಲು ಮೊಬೈಲಿನಲ್ಲಿ ಪೆಟ್ಟಿಗೆಯ ಫೋಟೊ ತೆಗೆಯಿರಿ, ನಂಬರ್ ಮತ್ತು ವಾಕ್ಯ ಎರಡೂ ಕಾಣುವ ಹಾಗೆ. ಆಮೇಲೆ ಡೀಬಗ್ ಒತ್ತಿ. ಡೀಬಗ್ ಬಟನ್ ಮಂಕಾಗಿದ್ದು ಒತ್ತಲು ಬರದಿದ್ದರೆ, ಬರೆದವರು ಕೋಡಿಗೆ ಪಾಸ್‌ವರ್ಡ್ ಹಾಕಿದ್ದಾರೆ ಅಂತ ಅರ್ಥ. ಆಗ ಫೋಟೊ ಕಳಿಸಿ ಕಾಯುವುದೊಂದೇ ದಾರಿ.

ಎಂಡ್ ಒತ್ತಿದರೆ ಇನ್ನೊಂದು ತೊಂದರೆ ಇದೆ, ಇದು ಜಾಸ್ತಿ ಜನಕ್ಕೆ ಗೊತ್ತಿರುವುದಿಲ್ಲ. ಎಷ್ಟೋ ಮ್ಯಾಕ್ರೊಗಳು ಶುರುವಿನಲ್ಲಿ ಎಕ್ಸೆಲ್‌ನ ಈವೆಂಟ್‌ಗಳನ್ನು ಆಫ್ ಮಾಡಿ, ಲೆಕ್ಕವನ್ನು ಮ್ಯಾನ್ಯುವಲ್‌ಗೆ ತಂದು, ಕೊನೆಯಲ್ಲಿ ಮತ್ತೆ ಆನ್ ಮಾಡುತ್ತವೆ. ನಡುವೆಯೇ ನಿಂತರೆ ಆ ಕೊನೆಯ ಸಾಲು ಓಡುವುದಿಲ್ಲ. ಆಗ ಫಾರ್ಮುಲಾಗಳು ಹಳೆ ಮೊತ್ತವನ್ನೇ ತೋರಿಸುತ್ತಾ ಕೂರುತ್ತವೆ. ಸೆಲ್‌ನಲ್ಲಿ ಬರೆದರೆ ತಾನೇ ಓಡಬೇಕಿದ್ದ ಕೋಡ್ ಸುಮ್ಮನಿರುತ್ತದೆ. ಯಾವ ಎರರೂ ಬರುವುದಿಲ್ಲ. "ಎಕ್ಸೆಲ್ಲೇ ಕೆಟ್ಟಿದೆ" ಅಂತ ಕಂಪ್ಯೂಟರ್ ಅಂಗಡಿಗೆ ಫೋನ್ ಹೋಗುತ್ತದೆ. ಹೀಗಾದರೆ ಆಲ್ಟ್ ಮತ್ತು ಎಫ್11 ಒತ್ತಿ ಎಡಿಟರ್ ತೆರೆಯಿರಿ. ಕಂಟ್ರೋಲ್ ಮತ್ತು ಜಿ ಒತ್ತಿದರೆ ಕೆಳಗೆ ಇಮೀಡಿಯೆಟ್ ವಿಂಡೊ ಬರುತ್ತದೆ. ಅಲ್ಲಿ "ಅಪ್ಲಿಕೇಶನ್.ಎನೇಬಲ್‌ಈವೆಂಟ್ಸ್ = ಟ್ರೂ" ಅಂತ ಬರೆದು ಎಂಟರ್ ಒತ್ತಿ. ಲೆಕ್ಕವನ್ನು ಫಾರ್ಮುಲಾಸ್ ಟ್ಯಾಬಿನ ಕ್ಯಾಲ್ಕ್ಯುಲೇಶನ್ ಆಪ್ಷನ್ಸ್‌ನಲ್ಲಿ ಮತ್ತೆ ಆಟೊಮ್ಯಾಟಿಕ್ ಮಾಡಿ.

ಹುಡುಕಾಟ ಶುರು ಮಾಡುವ ಮುಂಚೆ ಫೈಲಿನ ಒಂದು ಕಾಪಿ ಬೇರೆ ಹೆಸರಿನಲ್ಲಿ ಇಟ್ಟುಕೊಂಡು ಆ ಕಾಪಿಯಲ್ಲೇ ಕೆಲಸ ಮಾಡಿ. ಮ್ಯಾಕ್ರೊ ಶೀಟಿನಲ್ಲಿ ಮಾಡಿದ ಬದಲಾವಣೆಯನ್ನು ಕಂಟ್ರೋಲ್ ಝಡ್ ಒತ್ತಿ ಹಿಂದಕ್ಕೆ ತರಲು ಆಗುವುದಿಲ್ಲ.

ಹೆಜ್ಜೆ 2: ಹಳದಿ ಸಾಲನ್ನು ಮಾತಾಡಿಸಿ

ಡೀಬಗ್ ಒತ್ತಿದಾಗ ಒಂದು ಸಾಲು ಹಳದಿಯಾಗಿ ಕಾಣುತ್ತದೆ. ಆ ಸಾಲು ಇನ್ನೂ ಪೂರ್ತಿ ಓಡಿಲ್ಲ, ಓಡಲು ಹೋಗಿ ನಿಂತಿದೆ. ಅದರ ಮೇಲಿನದ್ದೆಲ್ಲ ಆಗಿ ಹೋಗಿದೆ. ಅಂದರೆ ಆ ಗಳಿಗೆಯ ಬೆಲೆಗಳೆಲ್ಲ (ಕೋಡಿನ ಪ್ರತಿ ಹೆಸರಿನೊಳಗೆ ಆಗ ಇದ್ದ ಅಂಕಿ ಅಥವಾ ಅಕ್ಷರ) ಇನ್ನೂ ಜೀವಂತವಾಗಿವೆ, ನೀವು ಕೇಳಬಹುದು.

ಸಾಲಿನಲ್ಲಿರುವ ಪ್ರತಿ ಹೆಸರಿನ ಮೇಲೆ ಮೌಸ್ ತಂದು ಒಂದು ಕ್ಷಣ ಬಿಡಿ. ಅದರ ಬೆಲೆ ಚಿಕ್ಕ ಚೀಟಿಯಲ್ಲಿ ಕಾಣುತ್ತದೆ. ಕಾಣದಿದ್ದರೆ ಇಮೀಡಿಯೆಟ್ ವಿಂಡೊದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ ಹೆಸರು ಬರೆದು ಎಂಟರ್ ಒತ್ತಿ, ಉತ್ತರ ಬರುತ್ತದೆ. ವ್ಯೂ ಮೆನುವಿನ ಲೋಕಲ್ಸ್ ವಿಂಡೊ ತೆರೆದರೆ ಎಲ್ಲ ಹೆಸರು ಮತ್ತು ಬೆಲೆ ಒಟ್ಟಿಗೆ ಸಿಗುತ್ತವೆ.

ಇದರಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದ ಪ್ರಶ್ನೆ ಒಂದೇ: ಮ್ಯಾಕ್ರೊ ಈಗ ಶೀಟಿನ ಎಷ್ಟನೇ ಸಾಲಿನಲ್ಲಿದೆ? ಲೂಪಿನ (ಒಂದೇ ಕೆಲಸವನ್ನು ಸಾಲು ಸಾಲಿಗೆ ಮತ್ತೆ ಮತ್ತೆ ಮಾಡುವ ಕೋಡಿನ) ಎಣಿಕೆಗೆ ಐ ಅಥವಾ ಆರ್ ಅಂತ ಹೆಸರಿರುತ್ತದೆ. ಅದರ ಬೆಲೆ 214 ಅಂತ ಬಂದರೆ ಎಕ್ಸೆಲ್‌ಗೆ ಹೋಗಿ 214ನೇ ಸಾಲು ನೋಡಿ. ಅರ್ಧಕ್ಕಿಂತ ಹೆಚ್ಚು ಸಲ ಗುಟ್ಟು ಅಲ್ಲೇ ರಟ್ಟಾಗುತ್ತದೆ. ತೂಕದ ಕಾಲಮ್ಮಿನಲ್ಲಿ ಯಾರೋ "ಬಾಕಿ" ಅಂತ ಬರೆದಿರುತ್ತಾರೆ.

ಒಂದೊಂದೇ ಸಾಲು ಓಡಿಸಲು ಎಫ್8. ಕೆಲವು ಲ್ಯಾಪ್‌ಟಾಪಿನಲ್ಲಿ ಎಫ್‌ಎನ್ ಕೂಡ ಒತ್ತಬೇಕು. ಲೂಪ್ ಮುಗಿಯದೆ ಸುತ್ತುತ್ತಲೇ ಇದ್ದರೆ ಎಸ್ಕೇಪ್ ಒತ್ತಿ ಹಿಡಿಯಿರಿ, ನಿಲ್ಲುತ್ತದೆ. ಇಷ್ಟು ಸಾಕು.

ಹೆಜ್ಜೆ 3: ನಂಬರಿನಿಂದ ಕಾರಣಕ್ಕೆ

ಕೆಳಗಿನ ವಾಕ್ಯಕ್ಕಿಂತ ನಂಬರ್ ಮೇಲೆ ಹೆಚ್ಚು ನಂಬಿಕೆ ಇಡಿ. ಮ್ಯಾಕ್ರೊ ಬರೆಯುವ ಭಾಷೆಯಾದ ವಿಬಿಎ ಎಕ್ಸೆಲ್‌ಗೆ ಬಂದದ್ದು 1993ರಲ್ಲಿ. ಎಷ್ಟೋ ವಾಕ್ಯಗಳು ಅದಕ್ಕೂ ಹಿಂದಿನ ಬೇಸಿಕ್ ಭಾಷೆಯ ಕಾಲದವು. ದಲಾಲಿ ಅಂಗಡಿಯ ಗುಮಾಸ್ತರನ್ನು ನೆನೆದು ಬರೆದವಲ್ಲ.

*ನಂಬರ್ 9, ಸಬ್‌ಸ್ಕ್ರಿಪ್ಟ್ ಔಟ್ ಆಫ್ ರೇಂಜ್.* ನಮ್ಮ ಕಡೆ ಇದರ ಅರ್ಥ ನೂರಕ್ಕೆ ತೊಂಬತ್ತು ಸಲ ಒಂದೇ: ಕೋಡ್ ಹೇಳಿದ ಹೆಸರಿನ ಶೀಟ್ ಇಲ್ಲ, ಅಥವಾ ಆ ಹೆಸರಿನ ಫೈಲ್ ತೆರೆದಿಲ್ಲ. ಹುಬ್ಬಳ್ಳಿಯವರಿಗೆ ಇದು ಹೆಚ್ಚು ಕಾಡುತ್ತದೆ, ಕಾರಣವೂ ಇದೆ. 2014ರ ನವೆಂಬರ್ 1ರಂದು ಊರಿನ ಅಧಿಕೃತ ಇಂಗ್ಲಿಷ್ ಹೆಸರು ಹುಬ್ಳಿ ಇದ್ದದ್ದು ಹುಬ್ಬಳ್ಳಿ ಆಯಿತು. ಬೆಳಗಾವಿ, ಬಳ್ಳಾರಿ, ವಿಜಯಪುರದ ಹೆಸರೂ ಅವತ್ತೇ ಬದಲಾದವು. ಹಳೆ ಮ್ಯಾಕ್ರೊದಲ್ಲಿ ಹಳೆ ಸ್ಪೆಲಿಂಗ್ ಇರುತ್ತದೆ. ಹೊಸದಾಗಿ ಬಂದವರು ಶೀಟಿನ ಹೆಸರನ್ನು ಹೊಸ ಸ್ಪೆಲಿಂಗಿಗೆ ತಿದ್ದುತ್ತಾರೆ. ತಿದ್ದಿದ್ದು ಸರಿಯೇ, ಆದರೆ ಮ್ಯಾಕ್ರೊಗೆ ಯಾರೂ ಹೇಳಲಿಲ್ಲ. ಪೂರೈಕೆದಾರರ ಊರಿನ ಹೆಸರನ್ನೇ ಶೀಟಿಗೆ ಇಟ್ಟ ಫೈಲುಗಳಲ್ಲಿ ಇದು ಬಂದೇ ಬರುತ್ತದೆ.

ಹೆಸರು ನೋಡಲು ಸರಿ ಇದ್ದರೂ 9 ಬಂದರೆ, ಶೀಟಿನ ಹೆಸರಿನ ಕೊನೆಯಲ್ಲಿ ಒಂದು ಸ್ಪೇಸ್ ಇದೆಯೇ ನೋಡಿ. ಕಣ್ಣಿಗೆ ಕಾಣದು. ಶೀಟಿನ ಹೆಸರಿನ ಮೇಲೆ ಎರಡು ಸಲ ಕ್ಲಿಕ್ ಮಾಡಿ ಎಂಡ್ ಕೀ ಒತ್ತಿದರೆ ಕರ್ಸರ್ ಎಲ್ಲಿ ನಿಂತಿತು ಅನ್ನುವುದರಿಂದ ಗೊತ್ತಾಗುತ್ತದೆ.

*ನಂಬರ್ 13, ಟೈಪ್ ಮಿಸ್‌ಮ್ಯಾಚ್.* ಅಂಕಿ ಇರಬೇಕಾದ ಕಡೆ ಅಕ್ಷರ ಇದೆ. ತೂಕದ ಕಾಲಮ್ಮಿನಲ್ಲಿ 12.5 ಬದಲು "12.5 ಕ್ವಿಂ" ಅಂತ ಬರೆದರೆ ಗುಣಿಸಲು ಹೋದ ಸಾಲು ಇಲ್ಲಿ ನಿಲ್ಲುತ್ತದೆ. ಸೆಲ್‌ನಲ್ಲಿ ಫಾರ್ಮುಲಾ ಕೆಟ್ಟು ಹ್ಯಾಶ್ ಎನ್/ಎ ಅಂತ ಕಾಣುತ್ತಿದ್ದು, ಅದನ್ನು ಮ್ಯಾಕ್ರೊ ಅಂಕಿ ಜೊತೆ ಹೋಲಿಸಿದರೂ 13.

ಇದಕ್ಕೆ ಕೆಲವರು ಒಂದು ಸುಲಭದ ಮದ್ದು ಹೇಳುತ್ತಾರೆ: ಎಲ್ಲ ಕಡೆ ವ್ಯಾಲ್ ಫಂಕ್ಷನ್ ಹಾಕಿಬಿಡಿ, ಅದು ಅಕ್ಷರ ಬಿಟ್ಟು ಅಂಕಿ ಮಾತ್ರ ತೆಗೆದುಕೊಳ್ಳುತ್ತದೆ ಅಂತ. ದಯವಿಟ್ಟು ಬೇಡ. ವ್ಯಾಲ್ ಅಲ್ಪವಿರಾಮ ಕಂಡಲ್ಲಿ ಓದುವುದನ್ನು ನಿಲ್ಲಿಸುತ್ತದೆ. ಅಕ್ಷರ ರೂಪದಲ್ಲಿರುವ "1,25,000" ಅದರ ಕೈಗೆ ಸಿಕ್ಕರೆ ಉತ್ತರ 1. ಒಂದು ಲಕ್ಷ ಇಪ್ಪತ್ತೈದು ಸಾವಿರ ಹೋಗಿ ಒಂದು ರೂಪಾಯಿ ಆಯಿತು, ಎರರೂ ಬರಲಿಲ್ಲ! ಅದಕ್ಕಿಂತ ಮ್ಯಾಕ್ರೊ ನಿಂತು ಗದ್ದಲ ಮಾಡುವುದೇ ವಾಸಿ. ಸಿಡಿಬಿಎಲ್ ಅನ್ನುವ ಫಂಕ್ಷನ್ ಅಲ್ಪವಿರಾಮವನ್ನು ಅರ್ಥ ಮಾಡಿಕೊಳ್ಳುತ್ತದೆ. ಅದಕ್ಕೂ ಮೊದಲು ಈಸ್‌ನ್ಯೂಮರಿಕ್ ಹಾಕಿ, ಅದು ಅಂಕಿಯೇ ಹೌದೇ ಅಂತ ಪರೀಕ್ಷಿಸಿ.

ವೆಬ್ ಪುಟದಿಂದ ದರ ಕಾಪಿ ಮಾಡಿ ಅಂಟಿಸುವವರಿಗೆ ಇನ್ನೊಂದು ಸುಳಿವು. ಅಂಥ ಕಡೆಯಿಂದ ಬಂದ ಸ್ಪೇಸ್ ಎಷ್ಟೋ ಸಲ ಮಾಮೂಲಿ ಸ್ಪೇಸ್ ಅಲ್ಲ, 160ನೇ ನಂಬರಿನದು. ಟ್ರಿಮ್ ಫಂಕ್ಷನ್ ಅದನ್ನು ತೆಗೆಯುವುದಿಲ್ಲ. ಅನುಮಾನ ಬಂದರೆ ಬೆಲೆಯ ಎರಡೂ ಕಡೆ ಚೌಕ ಆವರಣ ಸೇರಿಸಿ ಇಮೀಡಿಯೆಟ್ ವಿಂಡೊದಲ್ಲಿ ಪ್ರಿಂಟ್ ಮಾಡಿ ನೋಡಿ. ಆವರಣಕ್ಕೂ ಅಂಕಿಗೂ ನಡುವೆ ಜಾಗ ಕಂಡರೆ ಕಳ್ಳ ಸಿಕ್ಕ.

*ನಂಬರ್ 6, ಓವರ್‌ಫ್ಲೋ.* ಬ್ಯಾಡಗಿ ಪೇಟೆಯ ಲೆಕ್ಕಕ್ಕೆ ಹೇಳಿ ಮಾಡಿಸಿದ ಎರರ್ ಇದು. ಕೋಡಿನಲ್ಲಿ ದರಕ್ಕೆ ಇಂಟಿಜರ್ ಅಂತ ಬರೆದಿದ್ದರೆ ಅದರಲ್ಲಿ ಹಿಡಿಸುವ ದೊಡ್ಡ ಅಂಕಿ 32,767. ಶೇಂಗಾ, ಗೋವಿನಜೋಳ, ಉಳ್ಳಾಗಡ್ಡಿ ಮಾರುವ ತನಕ ಏನೂ ಆಗುವುದಿಲ್ಲ. ಒಳ್ಳೆ ಡಬ್ಬಿ ಮೆಣಸಿನಕಾಯಿಯ ಕ್ವಿಂಟಲ್ ದರ ಆ ಗೆರೆ ದಾಟಿದ ದಿನ ಮ್ಯಾಕ್ರೊ ಬೀಳುತ್ತದೆ. ಕೋಡ್ ಅದೇ, ಶೀಟ್ ಅದೇ, ಸೀಸನ್ ಮಾತ್ರ ಚೆನ್ನಾಗಿದೆ. ದರ, ಮೊತ್ತಕ್ಕೆ ಡಬಲ್ ಅಥವಾ ಕರೆನ್ಸಿ, ಸಾಲಿನ ಎಣಿಕೆಗೆ ಲಾಂಗ್ ಅಂತ ಬದಲಿಸಿ. ಈಗಿನ ಎಕ್ಸೆಲ್ ಶೀಟಿನಲ್ಲಿ 10,48,576 ಸಾಲುಗಳಿವೆ. ಇಂಟಿಜರ್ ಹಿಡಿದುಕೊಂಡು ಅದರ ತುದಿ ಮುಟ್ಟಲು ಆಗುವುದಿಲ್ಲ.

ಬದಲಿಸುವಾಗ ಎರಡು ಮೋಸ ಇವೆ. "ಡಿಮ್ ತೂಕ, ದರ ಆ್ಯಸ್ ಲಾಂಗ್" ಅಂತ ಒಂದೇ ಸಾಲಿನಲ್ಲಿ ಬರೆದರೆ ಲಾಂಗ್ ಆಗುವುದು ದರ ಮಾತ್ರ. ತೂಕ ವೇರಿಯಂಟ್ ಆಗಿ, ಅಂದರೆ ಅಂಕಿ, ಅಕ್ಷರ ಯಾವುದನ್ನಾದರೂ ಹಿಡಿಸುವ ಬಗೆಯಾಗಿ ಉಳಿಯುತ್ತದೆ. ಎರಡನೆಯದು ಇನ್ನೂ ವಿಚಿತ್ರ. ಉತ್ತರ ಹೋಗಿ ಬೀಳುವ ಜಾಗ ಲಾಂಗ್ ಆಗಿದ್ದರೂ 200 * 200 ಅನ್ನುವ ಸಾಲು ಓವರ್‌ಫ್ಲೋ ಕೊಡುತ್ತದೆ. ಎರಡೂ ಚಿಕ್ಕ ಅಂಕಿ ಅಂತ ಗುಣಾಕಾರವನ್ನು ಇಂಟಿಜರಿನಲ್ಲೇ ಮಾಡಲು ಹೋಗುತ್ತದೆ, 40,000 ಹಿಡಿಸುವುದಿಲ್ಲ.

ಪೇಟೆ ರಜೆ ಇದ್ದ ದಿನವೂ ಇದೇ 6 ಬರಬಹುದು, ಅಲ್ಲಿ ದೊಡ್ಡ ಅಂಕಿಯೇ ಇರುವುದಿಲ್ಲ. ಸರಾಸರಿ ದರ ಅಂದರೆ ಒಟ್ಟು ಮೊತ್ತ ಭಾಗಿಸು ಒಟ್ಟು ತೂಕ. ಬೇರೆ ಅಂಕಿಯನ್ನು ಸೊನ್ನೆಯಿಂದ ಭಾಗಿಸಿದರೆ ವಿಬಿಎ 11ನೇ ನಂಬರಿನ "ಡಿವಿಷನ್ ಬೈ ಝೀರೊ" ಕೊಡುತ್ತದೆ. ಆದರೆ ಸೊನ್ನೆಯನ್ನೇ ಸೊನ್ನೆಯಿಂದ ಭಾಗಿಸಿದರೆ ಓವರ್‌ಫ್ಲೋ ಅನ್ನುತ್ತದೆ. ವ್ಯಾಪಾರವೇ ಇಲ್ಲದ ದಿನ "ತುಂಬಿ ಹರಿಯಿತು" ಅನ್ನುವ ಸಂದೇಶ! ಭಾಗಿಸುವ ಮುಂಚೆ ತೂಕ ಸೊನ್ನೆಗಿಂತ ಹೆಚ್ಚಿದೆಯೇ ಅಂತ ಒಂದು ಇಫ್ ಹಾಕಿದರೆ ಮುಗಿಯಿತು.

*ನಂಬರ್ 91, ಆಬ್ಜೆಕ್ಟ್ ವೇರಿಯಬಲ್ ಆರ್ ವಿತ್ ಬ್ಲಾಕ್ ವೇರಿಯಬಲ್ ನಾಟ್ ಸೆಟ್.* ಇಷ್ಟುದ್ದ ವಾಕ್ಯ ಓದಿ ಗಾಬರಿ ಬೇಡ. ಹುಡುಕಿದ್ದು ಸಿಗಲಿಲ್ಲ ಅಂತ ಅರ್ಥ ಮಾಡಿಕೊಂಡರೆ ಬಹುತೇಕ ಸರಿಯಾಗುತ್ತದೆ. ಫೈಂಡ್ ಬಳಸಿ ಲಾಟ್ ನಂಬರ್ ಹುಡುಕಿದ ಮ್ಯಾಕ್ರೊ, ಸಿಗದಿದ್ದರೂ "ಸಿಕ್ಕ ಸೆಲ್ಲಿನ ಸಾಲು ಕೊಡು" ಅಂತ ಕೇಳುತ್ತದೆ. ಇಲ್ಲದ ಸೆಲ್ಲಿಗೆ ಸಾಲೆಲ್ಲಿ?

ಬೆಳಿಗ್ಗೆ ಓಡಿದ ಮ್ಯಾಕ್ರೊ ಅದೇ ಡೇಟಾ ಮೇಲೆ ಮಧ್ಯಾಹ್ನ 91 ಕೊಟ್ಟರೆ ಒಂದು ಪ್ರಶ್ನೆ ಕೇಳಿ: ನಡುವೆ ಯಾರಾದರೂ ಕಂಟ್ರೋಲ್ ಎಫ್ ಒತ್ತಿ ಏನಾದರೂ ಹುಡುಕಿದರೇ? ಫೈಂಡ್ ತನ್ನ ಹಿಂದಿನ ಹುಡುಕಾಟದ ಕೆಲವು ಆಯ್ಕೆಗಳನ್ನು ನೆನಪಿಟ್ಟುಕೊಳ್ಳುತ್ತದೆ. ಯಾರೋ ಪೂರ್ತಿ ಸೆಲ್ ಹೊಂದಬೇಕು ಅನ್ನುವ ಟಿಕ್ ಹಾಕಿ ಹುಡುಕಿ ಹೋದರೆ, ಮ್ಯಾಕ್ರೊ ಕೂಡ ಅದೇ ನಿಯಮದಲ್ಲಿ ಹುಡುಕುತ್ತದೆ. ಅದಕ್ಕೇ ಕೋಡಿನಲ್ಲಿ ಫೈಂಡ್ ಬರೆಯುವಾಗ ಲುಕ್‌ಇನ್, ಲುಕ್‌ಆ್ಯಟ್ ಎರಡನ್ನೂ ಬಿಡದೆ ಬರೆಯಬೇಕು. ಸಿಕ್ಕಿತೋ ಇಲ್ಲವೋ ಅಂತ "ಈಸ್ ನಥಿಂಗ್" ಹಾಕಿ ನೋಡಿದ ಮೇಲೆಯೇ ಮುಂದೆ ಹೋಗಬೇಕು.

*ನಂಬರ್ 1004.* ಇದು ಒಂದು ಕಾಯಿಲೆ ಅಲ್ಲ, ಜ್ವರ. ಹಿಂದೆ ಏನು ಬೇಕಾದರೂ ಇರಬಹುದು. ಎಕ್ಸೆಲ್‌ಗೆ ಮ್ಯಾಕ್ರೊ ಹೇಳಿದ ಕೆಲಸ ಮಾಡಲು ಆಗಲಿಲ್ಲ ಅಂತ ಮಾತ್ರ ಅದು ಹೇಳುತ್ತದೆ. ಇಲ್ಲಿ ನಂಬರಿಗಿಂತ ಕೆಳಗಿನ ವಾಕ್ಯ ಹೆಚ್ಚು ಉಪಯೋಗ, ಹೆಜ್ಜೆ 3ರ ಮೊದಲ ಸಾಲಿಗೆ ಇದೊಂದೇ ಅಪವಾದ. ನಾನು ನೋಡುವ ಕ್ರಮ ಹೀಗಿದೆ.

ಮೊದಲು ಶೀಟಿನ ಹೆಸರು. ದಿನಕ್ಕೊಂದು ಶೀಟ್ ಮಾಡುವ ಮ್ಯಾಕ್ರೊ ತಾರೀಖನ್ನೇ ಹೆಸರಾಗಿ ಇಡಲು ಹೋಗುತ್ತದೆ. ತಾರೀಖಿನಲ್ಲಿ ಓರೆಗೆರೆ ಇದ್ದರೆ ಎಕ್ಸೆಲ್ ಒಪ್ಪುವುದಿಲ್ಲ. ಶೀಟಿನ ಹೆಸರಿನಲ್ಲಿ ಎರಡೂ ಬಗೆಯ ಓರೆಗೆರೆ (/ ಮತ್ತು \), ವಿವರಣ ಚಿಹ್ನೆ (:), ಪ್ರಶ್ನಾರ್ಥಕ, ನಕ್ಷತ್ರ, ಚೌಕ ಆವರಣ ಇರುವಂತಿಲ್ಲ. ಉದ್ದ 31 ಅಕ್ಷರ ಮೀರುವಂತಿಲ್ಲ. ಕಂಪ್ಯೂಟರ್ ಬದಲಿಸಿದ ಮೇಲೆ ಈ ಎರರ್ ಬರಲು ಶುರುವಾದರೆ ವಿಂಡೋಸ್‌ನ ರೀಜನ್ ಸೆಟ್ಟಿಂಗ್ ನೋಡಿ. ಹಳೆ ಯಂತ್ರದಲ್ಲಿ ತಾರೀಖು ಅಡ್ಡಗೆರೆಯ ಜೊತೆ ಬರುತ್ತಿತ್ತು, ಹೊಸದರಲ್ಲಿ ಓರೆಗೆರೆಯ ಜೊತೆ ಬರುತ್ತಿರುತ್ತದೆ. ಕೋಡಿನಲ್ಲಿ ಫಾರ್ಮ್ಯಾಟ್ ಫಂಕ್ಷನ್ ಹಾಕಿ ತಾರೀಖಿನ ರೂಪವನ್ನು ನೀವೇ ಕಟ್ಟಿಹಾಕಿದರೆ ಯಾವ ಯಂತ್ರಕ್ಕೆ ಹೋದರೂ ಸಮಸ್ಯೆ ಇಲ್ಲ.

ಆಮೇಲೆ ಸಾಲಿನ ನಂಬರ್. ಸೆಲ್ಸ್ ಒಳಗಿನ ಎಣಿಕೆ ಸೊನ್ನೆ ಆಗಿದೆಯೇ ನೋಡಿ, ಸೊನ್ನೆಯ ಸಾಲು ಎಕ್ಸೆಲ್‌ನಲ್ಲಿ ಇಲ್ಲ. ಮೂರನೆಯದು ಸೆಲೆಕ್ಟ್. ತೆರೆದಿರದ ಶೀಟಿನ ಸೆಲ್ ಸೆಲೆಕ್ಟ್ ಮಾಡಲು ಹೋದರೆ 1004. ಒಂದು ಶೀಟಿನಿಂದ ಬಟನ್ ಒತ್ತಿದರೆ ಓಡುತ್ತದೆ, ಇನ್ನೊಂದರಿಂದ ಓಡುವುದಿಲ್ಲ ಅಂದರೆ ಇದೇ ಕಾರಣ. ರೇಂಜ್ ಮತ್ತು ಸೆಲ್ಸ್ ಎರಡರ ಮುಂದೆಯೂ ಯಾವ ಶೀಟ್ ಅಂತ ಬರೆಯಬೇಕು. ರೇಂಜಿಗೆ ಬರೆದು ಒಳಗಿನ ಸೆಲ್ಸಿಗೆ ಬರೆಯದೆ ಬಿಡುವವರೇ ಜಾಸ್ತಿ. ಕೊನೆಗೆ ವಿಲುಕಪ್, ಪಟ್ಟಿಯಲ್ಲಿ ಒಂದು ಹೆಸರು ಹುಡುಕಿ ಅದರ ಸಾಲಿನ ಮಾಹಿತಿ ತರುವ ಫಂಕ್ಷನ್. ವರ್ಕ್‌ಶೀಟ್‌ಫಂಕ್ಷನ್ ಮೂಲಕ ಕರೆದ ವಿಲುಕಪ್‌ಗೆ ಹೆಸರು ಸಿಗದಿದ್ದರೆ "ಅನೇಬಲ್ ಟು ಗೆಟ್ ದಿ ವಿಲುಕಪ್ ಪ್ರಾಪರ್ಟಿ" ಅಂತ ಏನೇನೋ ಹೇಳುತ್ತದೆ. ಅದರ ಅರ್ಥ, ಆ ಹೆಸರಿನ ರೈತ ಪಟ್ಟಿಯಲ್ಲಿಲ್ಲ ಅಷ್ಟೇ.

ಹೆಜ್ಜೆ 4: ಕನ್ನಡ ಇದ್ದರೆ ಇದನ್ನು ಓದಲೇಬೇಕು

ಇಂಗ್ಲಿಷಿನ ಯಾವ ಸಹಾಯ ಪುಟದಲ್ಲೂ ಇದು ಸುಲಭಕ್ಕೆ ಸಿಗುವುದಿಲ್ಲ. ಎಕ್ಸೆಲ್ ಶೀಟಿನಲ್ಲಿ ಕನ್ನಡ ಚೆನ್ನಾಗಿ ಬರುತ್ತದೆ. ಆದರೆ ವಿಬಿಎ ಎಡಿಟರ್ ಯೂನಿಕೋಡ್ ಅಲ್ಲ, ಅಂದರೆ ಎಲ್ಲ ಭಾಷೆಯ ಅಕ್ಷರಕ್ಕೂ ಒಂದೊಂದು ನಂಬರ್ ಕೊಡುವ ವ್ಯವಸ್ಥೆ ಅದರಲ್ಲಿಲ್ಲ. ಅಲ್ಲಿ "ಗದಗ" ಅಂತ ಟೈಪ್ ಮಾಡಿದರೆ ಮೂರು ಪ್ರಶ್ನಾರ್ಥಕ ಚಿಹ್ನೆ ಬೀಳುತ್ತವೆ. ಕಾಣುವುದು ಮಾತ್ರ ಹಾಗಲ್ಲ, ಕೋಡಿನಲ್ಲಿ ಉಳಿಯುವುದೂ ಪ್ರಶ್ನಾರ್ಥಕಗಳೇ. ಹಾಗಾಗಿ ಗದಗ ಅನ್ನುವ ಶೀಟನ್ನು ಹೆಸರಿನಿಂದ ಕರೆದರೆ ನಂಬರ್ 9. ಶೀಟ್ ಕಣ್ಣೆದುರೇ ಇದೆ, ಎರರ್ ಇಲ್ಲ ಅನ್ನುತ್ತಿದೆ.

ದಾರಿ ಮೂರಿವೆ. ಸುಲಭದ್ದು, ಶೀಟಿನ ಕೋಡ್‌ನೇಮ್ ಬಳಸುವುದು. ಎಡಿಟರಿನ ಎಡಗಡೆ ಪಟ್ಟಿಯಲ್ಲಿ ಆವರಣದ ಹೊರಗೆ ಶೀಟ್1, ಶೀಟ್2 ಅಂತ ಇರುತ್ತದಲ್ಲ, ಅದು. ಟ್ಯಾಬಿನ ಹೆಸರನ್ನು ಯಾರು ಏನು ಬದಲಿಸಿದರೂ ಇದು ಬದಲಾಗುವುದಿಲ್ಲ. ಹುಬ್ಬಳ್ಳಿ ಸ್ಪೆಲಿಂಗ್ ರಗಳೆಗೂ ಇದೇ ಮದ್ದು. ಎರಡನೆಯದು, ಕನ್ನಡ ಪದವನ್ನು ಒಂದು ಸೆಟ್ಟಿಂಗ್ಸ್ ಶೀಟಿನ ಸೆಲ್ಲಿನಲ್ಲಿ ಬರೆದಿಟ್ಟು ಮ್ಯಾಕ್ರೊ ಅಲ್ಲಿಂದ ಓದುವ ಹಾಗೆ ಮಾಡುವುದು. ಮೂರನೆಯದು, ನಂಬರ್ ಕೊಟ್ಟರೆ ಅಕ್ಷರ ಕೊಡುವ ಸಿಎಚ್‌ಆರ್‌ಡಬ್ಲ್ಯು ಫಂಕ್ಷನ್. ಗ ಅಕ್ಷರದ ಯೂನಿಕೋಡ್ ನಂಬರ್ 3223, ದ ಅಕ್ಷರದ್ದು 3238. ಹಾಗಾಗಿ ಗದಗ ಅಂದರೆ 3223, 3238, 3223 ಈ ಮೂರನ್ನು ಸೇರಿಸಿದ್ದು. ಗದಗಕ್ಕೆ ಇದು ಪರವಾಗಿಲ್ಲ. ಲಕ್ಷ್ಮೇಶ್ವರ, ರಾಣೇಬೆನ್ನೂರು ಬರೆಯಲು ಕೂತರೆ ಸಂಜೆಯಾಗುತ್ತದೆ. ನನ್ನ ಮತ ಎರಡನೇ ದಾರಿಗೆ.

ಮೆಸೇಜ್ ಬಾಕ್ಸ್, ಇಮೀಡಿಯೆಟ್ ವಿಂಡೊ ಕೂಡ ಕನ್ನಡವನ್ನು ಪ್ರಶ್ನಾರ್ಥಕವಾಗಿಯೇ ತೋರಿಸುತ್ತವೆ. ಇಲ್ಲಿ ಮಾತ್ರ ಗಾಬರಿ ಬೇಡ. ಸೆಲ್ಲಿನಿಂದ ಓದಿದ ಕನ್ನಡ ಒಳಗೆ ಸರಿಯಾಗಿಯೇ ಇರುತ್ತದೆ, ತೋರಿಸಲು ಮಾತ್ರ ಅವಕ್ಕೆ ಬರುವುದಿಲ್ಲ. ಪರೀಕ್ಷಿಸಬೇಕಾದರೆ ಮೊದಲ ಅಕ್ಷರದ ನಂಬರನ್ನು ಎಎಸ್‌ಸಿಡಬ್ಲ್ಯು ಫಂಕ್ಷನ್‌ನಿಂದ ಕೇಳಿ. 3200ರಿಂದ 3327ರ ಒಳಗಿದ್ದರೆ ಅದು ಯೂನಿಕೋಡ್ ಕನ್ನಡ.

ಆ ವ್ಯಾಪ್ತಿಯ ಹೊರಗಿನ ನಂಬರ್ ಬಂದರೆ ಸೆಲ್ಲಿನಲ್ಲಿರುವುದು ನುಡಿ ಅಥವಾ ಬರಹದ ಹಳೆ ಫಾಂಟಿನಲ್ಲಿ ಟೈಪ್ ಮಾಡಿದ್ದು ಇರಬಹುದು. ಪರದೆ ಮೇಲೆ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ. ಒಂದೇ ಕಾಲಮ್ಮಿನಲ್ಲಿ ಅರ್ಧ ನುಡಿ, ಅರ್ಧ ಯೂನಿಕೋಡ್ ಇದ್ದರೆ ಎರಡು "ಹಾವೇರಿ" ಎಂದೂ ಹೊಂದುವುದಿಲ್ಲ. ಆಗ ವಿಲುಕಪ್ ಸೋಲುತ್ತದೆ, 1004 ಬರುತ್ತದೆ, ಎಲ್ಲರೂ ಕೋಡ್ ತಿದ್ದಲು ಹೋಗುತ್ತಾರೆ. ತಿದ್ದಬೇಕಾದ್ದು ಕಾಲಮ್ಮನ್ನು, ಕನ್ವರ್ಟರ್‌ನಲ್ಲಿ ಹಾಕಿ ಎಲ್ಲವನ್ನೂ ಯೂನಿಕೋಡ್ ಮಾಡಿ.

ಉದ್ದದ ಲೆಕ್ಕ ನೋಡುವಾಗಲೂ ಎಚ್ಚರ. "ಹುಬ್ಬಳ್ಳಿ" ಅಂದರೆ ಲೆನ್ ಫಂಕ್ಷನ್ 9 ಅನ್ನುತ್ತದೆ. ಒತ್ತಕ್ಷರ, ಗುಣಿತ ಚಿಹ್ನೆ, ಎಲ್ಲವೂ ಬೇರೆ ಬೇರೆ ಎಣಿಕೆ. ಇದು ತಪ್ಪಲ್ಲ. ಅದೇ ಪದ ಒಂದು ಸೆಲ್ಲಿನಲ್ಲಿ 9, ಇನ್ನೊಂದರಲ್ಲಿ 10 ಬಂದರೆ ಮಾತ್ರ ಒಳಗೆ ಕಾಣದ ಸ್ಪೇಸೋ ಅಕ್ಷರ ಜೋಡಿಸುವ ಕಾಣದ ಚಿಹ್ನೆಯೋ ಕೂತಿದೆ ಅಂತ ತಿಳಿಯಿರಿ.

ಹೆಜ್ಜೆ 5: ಓಡುವ ಮುಂಚೆಯೇ ಬರುವ ಎರರ್

ಬಟನ್ ಒತ್ತಿದ ಕೂಡಲೇ "ಕಂಪೈಲ್ ಎರರ್" ಬಂದರೆ ಯಾರೋ ಕೋಡನ್ನು ಮುಟ್ಟಿದ್ದಾರೆ, ಇಲ್ಲವೇ ಫೈಲ್ ಬೇರೆ ಯಂತ್ರಕ್ಕೆ ಬಂದಿದೆ. ಈ ಸಂದೇಶಗಳು ಸುಳ್ಳು ಹೇಳುವುದರಲ್ಲಿ ನಿಸ್ಸೀಮ.

"ನೆಕ್ಸ್ಟ್ ವಿದೌಟ್ ಫಾರ್" ಅನ್ನುತ್ತದೆ. ಮೇಲೆ ನೋಡಿದರೆ ಫಾರ್ ಇದ್ದೇ ಇರುತ್ತದೆ. ಇಲ್ಲದಿರುವುದು ಎಂಡ್ ಇಫ್. ಒಳಗಿನ ಇಫ್ ಮುಚ್ಚಿಲ್ಲ, ಅಷ್ಟರಲ್ಲಿ ನೆಕ್ಸ್ಟ್ ಬಂತು, ಈ ನೆಕ್ಸ್ಟ್ ಯಾರದು ಅಂತ ಅದಕ್ಕೆ ಗೊತ್ತಾಗಲಿಲ್ಲ. "ಲೂಪ್ ವಿದೌಟ್ ಡೂ" ಬಂದರೂ ಇದೇ ಕಥೆ. ಹಳದಿ ಅಥವಾ ನೀಲಿ ಬಣ್ಣ ಬಂದ ಸಾಲನ್ನು ಬಿಡಿ, ಅದರ ಮೇಲಿನ ಇಫ್, ವಿತ್, ಸೆಲೆಕ್ಟ್ ಕೇಸ್ ಎಲ್ಲದಕ್ಕೂ ಮುಚ್ಚುವ ಸಾಲು ಇದೆಯೇ ಅಂತ ಎಣಿಸಿ.

"ಕಾಂಟ್ ಫೈಂಡ್ ಪ್ರಾಜೆಕ್ಟ್ ಆರ್ ಲೈಬ್ರರಿ" ಇನ್ನೂ ಮೋಸದ್ದು. ಲೆಫ್ಟ್, ಡೇಟ್, ಫಾರ್ಮ್ಯಾಟ್ ಥರದ ಯಾವ ತಪ್ಪೂ ಮಾಡದ ಪದಕ್ಕೆ ಬಣ್ಣ ಬಳಿಯುತ್ತದೆ. ಟೂಲ್ಸ್ ಮೆನುವಿನಲ್ಲಿ ರೆಫರೆನ್ಸಸ್ ತೆರೆಯಿರಿ. ಪಟ್ಟಿಯಲ್ಲಿ "ಮಿಸ್ಸಿಂಗ್" ಅಂತ ಶುರುವಾಗುವ ಸಾಲು ಇರುತ್ತದೆ, ಕೋಡ್ ಬಳಸುವ ಹೊರಗಿನ ಸಿದ್ಧ ಕೋಡಿನ ಕಟ್ಟು (ಲೈಬ್ರರಿ) ಈ ಯಂತ್ರದಲ್ಲಿಲ್ಲ ಅಂತ ಅದರ ಅರ್ಥ. ಅದರ ಟಿಕ್ ತೆಗೆದು ನೋಡಿ. ಹೆಡ್ ಆಫೀಸಿನ ಯಂತ್ರದಲ್ಲಿ ಓಡಿ ಬ್ರಾಂಚಿನಲ್ಲಿ ಓಡದ ಫೈಲಿಗೆ ಇದು ಮೊದಲ ಅನುಮಾನ. ಟಿಕ್ ತೆಗೆದ ಮೇಲೆ ನಿಜವಾಗಿ ಆ ಲೈಬ್ರರಿ ಬೇಕಿದ್ದ ಸಾಲು ಎರರ್ ಕೊಡುತ್ತದೆ, ಆಗ ಕನಿಷ್ಠ ಸರಿಯಾದ ಸಾಲು ಸಿಕ್ಕಂತಾಯಿತು.

"ವೇರಿಯಬಲ್ ನಾಟ್ ಡಿಫೈನ್ಡ್" ಬಂದರೆ ಖುಷಿ ಪಡಿ. ಹೆಸರಿನ ಸ್ಪೆಲಿಂಗ್ ತಪ್ಪಿದೆ, ಅದನ್ನು ಎಡಿಟರ್ ಹಿಡಿದುಕೊಟ್ಟಿದೆ. ಮಾಡ್ಯೂಲಿನ (ಎಡಿಟರಿನಲ್ಲಿ ಕೋಡ್ ಬರೆದಿಡುವ ಪುಟದ) ಮೊದಲ ಸಾಲಿನಲ್ಲಿ "ಆಪ್ಷನ್ ಎಕ್ಸ್‌ಪ್ಲಿಸಿಟ್" ಇದ್ದರೆ ಮಾತ್ರ ಹೀಗೆ ಹಿಡಿಯುತ್ತದೆ. ಇಲ್ಲದಿದ್ದರೆ ತಪ್ಪು ಸ್ಪೆಲಿಂಗ್ ಸುಮ್ನೆ ಖಾಲಿ ಬೆಲೆಯ ಹೊಸ ಹೆಸರಾಗಿ, ಮೊತ್ತ ಸೊನ್ನೆ ಬರುತ್ತದೆ. ಟೂಲ್ಸ್, ಆಪ್ಷನ್ಸ್‌ಗೆ ಹೋಗಿ "ರಿಕ್ವೈರ್ ವೇರಿಯಬಲ್ ಡಿಕ್ಲರೇಶನ್" ಟಿಕ್ ಹಾಕಿ. ಅದು ಮುಂದೆ ಮಾಡುವ ಮಾಡ್ಯೂಲುಗಳಿಗಷ್ಟೇ. ಹಳೆಯವಕ್ಕೆ ಆ ಸಾಲನ್ನು ಕೈಯಾರೆ ಬರೆದು, ಡೀಬಗ್ ಮೆನುವಿನ ಕಂಪೈಲ್ ಒತ್ತಿ.

ಹೆಜ್ಜೆ 6: ತಪ್ಪು ಸಾಲು ತೋರಿಸಿದಾಗ, ಏನೂ ತೋರಿಸದಾಗ

ಲಾಟ್ ನಮೂದಿಸಲು ಒಂದು ಫಾರ್ಮ್ ತೆರೆಯುವ ಫೈಲಿನಲ್ಲಿ ಎರರ್ ಬಂದರೆ ಹಳದಿ ಬಣ್ಣ ಎಷ್ಟೋ ಸಲ ಫಾರ್ಮಿನ ಹೆಸರಿನ ಮುಂದೆ "ಶೋ" ಅಂತಷ್ಟೇ ಇರುವ ಸಾಲಿಗೆ ಬರುತ್ತದೆ. ಆ ಸಾಲಿನಲ್ಲಿ ತಪ್ಪು ಮಾಡಲು ಜಾಗವೇ ಇಲ್ಲ. ತಪ್ಪು ಫಾರ್ಮಿನ ಒಳಗಿನ ಕೋಡಿನಲ್ಲಿದೆ, ಎಡಿಟರ್ ಒಳಗೆ ಹೋಗಿ ತೋರಿಸುತ್ತಿಲ್ಲ. ಟೂಲ್ಸ್, ಆಪ್ಷನ್ಸ್, ಜನರಲ್ ಟ್ಯಾಬ್, ಎರರ್ ಟ್ರ್ಯಾಪಿಂಗ್. ಅಲ್ಲಿ "ಬ್ರೇಕ್ ಇನ್ ಕ್ಲಾಸ್ ಮಾಡ್ಯೂಲ್" ಆರಿಸಿ ಮತ್ತೆ ಓಡಿಸಿ. ಈ ಒಂದು ಸೆಟ್ಟಿಂಗ್ ಗೊತ್ತಿಲ್ಲದೆ ದಿನಗಟ್ಟಲೆ ಶೋ ಸಾಲನ್ನೇ ನೋಡುತ್ತಾ ಕೂತವರು ಇದ್ದಾರೆ.

ಏನೂ ಎರರ್ ಬರುವುದಿಲ್ಲ, ಪಟ್ಟಿಯಲ್ಲಿ ಮಾತ್ರ ಕೆಲವು ರೈತರ ಹೆಸರು ಇಲ್ಲ ಅಂದರೆ ಕೋಡಿನಲ್ಲಿ "ಆನ್ ಎರರ್ ರೆಸ್ಯೂಮ್ ನೆಕ್ಸ್ಟ್" ಹುಡುಕಿ. ತಪ್ಪಾದರೂ ಬಾಯಿ ಮುಚ್ಚಿಕೊಂಡು ಮುಂದಿನ ಸಾಲಿಗೆ ಹೋಗು ಅನ್ನುವ ಆದೇಶ ಅದು. ದುಡ್ಡಿನ ಲೆಕ್ಕ ಇರುವ ಮ್ಯಾಕ್ರೊದಲ್ಲಿ ಇದನ್ನು ಮೊದಲ ಸಾಲಿನಲ್ಲಿ ಹಾಕುವುದು ನನ್ನ ಪ್ರಕಾರ ಬೇಜವಾಬ್ದಾರಿ. ಬೇಕಾದ ಒಂದು ಸಾಲಿನ ಮುಂಚೆ ಹಾಕಿ, ಅದು ಮುಗಿದ ಕೂಡಲೇ "ಆನ್ ಎರರ್ ಗೋಟು 0" ಬರೆದು ತೆಗೆಯಬೇಕು. ಪರೀಕ್ಷೆಗೆ ಕೋಡ್ ತಿದ್ದಬೇಕಾಗಿಲ್ಲ. ಅದೇ ಎರರ್ ಟ್ರ್ಯಾಪಿಂಗ್ ಜಾಗದಲ್ಲಿ "ಬ್ರೇಕ್ ಆನ್ ಆಲ್ ಎರರ್ಸ್" ಆರಿಸಿ ಓಡಿಸಿದರೆ ಮುಚ್ಚಿಟ್ಟ ಎರರ್‌ಗಳೆಲ್ಲ ಹೊರಬೀಳುತ್ತವೆ. ನೋಡಿದ ಮೇಲೆ ಸೆಟ್ಟಿಂಗ್ ಹಿಂದಕ್ಕೆ ತನ್ನಿ.

ಮ್ಯಾಕ್ರೊ ಶುರುವೇ ಆಗದೆ "ಕೆನಾಟ್ ರನ್ ದಿ ಮ್ಯಾಕ್ರೊ" ಅಂದರೆ ಎರಡು ವಿಷಯ ನೋಡಿ. ಫೈಲನ್ನು ಯಾರೋ ಎಕ್ಸ್‌ಎಲ್‌ಎಸ್‌ಎಕ್ಸ್ ರೂಪದಲ್ಲಿ ಸೇವ್ ಮಾಡಿದ್ದರೆ ಕೋಡ್ ಹೋಗಿಯೇ ಬಿಟ್ಟಿದೆ, ಹಳೆ ಎಕ್ಸ್‌ಎಲ್‌ಎಸ್‌ಎಂ ಕಾಪಿ ಹುಡುಕಬೇಕು. ಇಮೇಲ್ ಮೂಲಕ ಅಥವಾ ಇಂಟರ್ನೆಟ್‌ನಿಂದ ಇಳಿಸಿಕೊಂಡ ಫೈಲ್ ಆದರೆ, 2022ರಿಂದ ಮೈಕ್ರೊಸಾಫ್ಟ್ ಅಂಥ ಫೈಲಿನ ಮ್ಯಾಕ್ರೊಗಳನ್ನು ತಾನೇ ತಡೆಯುತ್ತಿದೆ. ಕಳಿಸಿದವರು ಯಾರು ಅಂತ ಖಾತ್ರಿ ಇದ್ದರೆ ಮಾತ್ರ, ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ನಲ್ಲಿ "ಅನ್‌ಬ್ಲಾಕ್" ಟಿಕ್ ಹಾಕಿ. ಗೊತ್ತಿಲ್ಲದ ಕಡೆಯಿಂದ ಬಂದದ್ದಾದರೆ ಆ ತಡೆ ಇರುವುದೇ ನಿಮ್ಮ ಒಳ್ಳೆಯದಕ್ಕೆ.

ಹೆಜ್ಜೆ 7: ಬೇರೆಯವರಿಗೆ ಕಳಿಸುವಾಗ

"ಎರರ್ ಬರ್ತಿದೆ, ನೋಡ್ರಿ" ಅಂತ ಬರೆದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಪೆಟ್ಟಿಗೆಯ ಫೋಟೊ, ಹಳದಿ ಸಾಲಿನ ಫೋಟೊ, ಆ ಸಾಲಿನ ಹೆಸರುಗಳ ಆಗಿನ ಬೆಲೆ, ಯಾವ ಶೀಟಿನಲ್ಲಿದ್ದಾಗ ಬಟನ್ ಒತ್ತಿದಿರಿ, ಎಕ್ಸೆಲ್ ಯಾವ ವರ್ಷದ್ದು, ಕೊನೆಯ ಸಲ ಸರಿಯಾಗಿ ಓಡಿದ್ದು ಯಾವಾಗ, ಅದಾದ ಮೇಲೆ ಏನು ಬದಲಾಯಿತು. ಇಷ್ಟು ಕಳಿಸಿದರೆ ಬೆಂಗಳೂರಿನ ಹುಡುಗ ಬಸ್ಸಿನಲ್ಲಿ ಕೂತೇ ಉತ್ತರ ಹೇಳಬಲ್ಲ.

ಫೈಲನ್ನೇ ಕಳಿಸಬೇಕಾದರೆ ಕಾಪಿಯಲ್ಲಿ ರೈತರ ಫೋನ್ ನಂಬರ್, ಆಧಾರ್, ಬ್ಯಾಂಕ್ ಖಾತೆಯ ಕಾಲಮ್ಮುಗಳನ್ನು ಮೊದಲು ಅಳಿಸಿ. ಕಾಲಮ್ಮನ್ನೇ ಡಿಲೀಟ್ ಮಾಡಬೇಡಿ, ಒಳಗಿನದ್ದನ್ನು ಮಾತ್ರ ಖಾಲಿ ಮಾಡಿ. ಇಲ್ಲದಿದ್ದರೆ ಕಾಲಮ್ಮಿನ ಎಣಿಕೆ ತಪ್ಪಿ ಮ್ಯಾಕ್ರೊ ಬೇರೆಯದೇ ಎರರ್ ಕೊಡುತ್ತದೆ. ತೊಂದರೆ ಕೊಟ್ಟ ಆ ಸಾಲನ್ನು ಇದ್ದ ಹಾಗೇ ಬಿಟ್ಟು, ಒಮ್ಮೆ ಓಡಿಸಿ, ಅದೇ ನಂಬರ್ ಬರುತ್ತಿದೆಯೇ ನೋಡಿಕೊಂಡು ಕಳಿಸಿ.